ಹಿತ್ತಲ ಶೆಡ್ಡು: ಗುದ್ದಲಿ ಹಾಕುವ ಮುಂಚೆ

ಶೆಡ್ಡಿನ ಕೆಲಸ ಇನ್ನೂ ನೆಲ ಮುಟ್ಟಿಲ್ಲ. ಜಿಐ ಶೀಟಿನ ರೇಟು ಕೇಳಿದ್ದಾಯಿತು, ವೆಲ್ಡರ್ ಬಂದು ಅಳತೆ ತಗೊಂಡು ಹೋಗಿದ್ದಾಯಿತು. ಪಾಲಿಕೆಯ ಪರ್ಮಿಷನ್ ಬೇಕಾ ಬೇಡ್ವಾ ಅನ್ನೋದು ಇತ್ಯರ್ಥ ಆಗಲಿ ಅಂತ ಮಿಕ್ಕಿದ್ದನ್ನು ತಡೆಹಿಡಿದಿದ್ದೇನೆ.

ನನಗೆ ಬೇಕಿರುವುದು ಎಂಟಡಿ ಉದ್ದ, ಆರಡಿ ಅಗಲದ ಜಾಗ. ಗೊಬ್ಬರದ ಮೂಟೆ, ಪೈಪು, ಸನಿಕೆ, ಜೊತೆಗೆ ನನ್ನ ಮರಗೆಲಸದ ಬೆಂಚು. ಬೆಂಗಳೂರಿನ ಬನಶಂಕರಿಯಲ್ಲಿ ನಲವತ್ತು ಅರವತ್ತರ ಸೈಟು, ಅಪ್ಪ ಕಟ್ಟಿಸಿದ ಮನೆ, ಹಿಂದೆ ಹದಿನೈದಡಿ ಹಿತ್ತಲು. ಮೂಲೆಯಲ್ಲಿ ಕಾಂಪೌಂಡಿಗೆ ಒರಗಿಸಿ ಕಟ್ಟಿದರೆ ಎರಡು ಗೋಡೆಯ ಖರ್ಚು ಉಳಿಯುತ್ತೆ ಅನ್ನೋದು ವೆಲ್ಡರನ ಐಡಿಯಾ.

ಶೆಡ್ ಕಟ್ಟುವ ವಿಡಿಯೋ ಹುಡುಕಿದರೆ ಸಿಗೋದೆಲ್ಲ ಹೆಚ್ಚಾಗಿ ಇಂಗ್ಲೆಂಡಿನವು. ಅಲ್ಲಿ ಗಡಿಯಿಂದ 2 ಮೀಟರ್ ಒಳಗಿದ್ದರೆ ಶೆಡ್ಡಿನ ಎತ್ತರ 2.5 ಮೀಟರ್ ದಾಟಬಾರದು, ಮನೆಯ ಮುಂಭಾಗಕ್ಕೆ ಬರಬಾರದು, ಮನೆ ಸುತ್ತಲಿನ ಜಾಗದಲ್ಲಿ ಅರ್ಧಕ್ಕಿಂತ ಜಾಸ್ತಿ ತುಂಬಬಾರದು. ಇಂಥ ಷರತ್ತುಗಳಿಗೆ ಹೊಂದಿದರೆ ಸಾಮಾನ್ಯವಾಗಿ ಅರ್ಜಿಯೇ ಬೇಡ. ಎಷ್ಟು ಸುಖ ಅಲ್ವಾ? ಆ ಲೆಕ್ಕ ಇಲ್ಲಿಗೆ ಬರಲ್ಲ. ನಮ್ಮ 1976ರ ಪೌರ ನಿಗಮಗಳ ಕಾಯ್ದೆ ತೆಗೆದು ನೋಡಿದೆ. ಕಟ್ಟಡ ಅಂದರೆ ಏನು ಅಂತ ಹೇಳುವಾಗ ಮನೆ, ಗುಡಿಸಲು, ಗೋಡೆ, ಜಗಲಿ ಜೊತೆಗೆ ಶೆಡ್ಡನ್ನೂ ಸೇರಿಸಿದ್ದಾರೆ. ಇಟ್ಟಿಗೆ, ಮರ, ಮಣ್ಣು, ಲೋಹ, ಯಾವುದರಲ್ಲಿ ಕಟ್ಟಿದರೂ ಅಷ್ಟೇ. ಆಮೇಲೆ ಬೆಂಗಳೂರಿಗೇ ಅಂತ 2020ರಲ್ಲಿ ಒಂದು ಕಾಯ್ದೆ, 2025ರಲ್ಲಿ ಇನ್ನೊಂದು ಬಂತು. ಇಡೀ ಊರಿಗೆ ಒಂದೇ ಪಾಲಿಕೆಯಾಗಿದ್ದ ಬಿಬಿಎಂಪಿ ಹೋಗಿ ಐದು ಪಾಲಿಕೆ ಆಯಿತು. ಬೋರ್ಡು ಬದಲಾದ ಮಾತ್ರಕ್ಕೆ ಶೆಡ್ಡಿಗೆ ರಿಯಾಯಿತಿ ಸಿಗಲ್ಲ ಅಂತ ಪರಿಚಯದ ಸಿವಿಲ್ ಎಂಜಿನಿಯರ್ ನಕ್ಕರು.

"ಎಷ್ಟು ದೊಡ್ಡದು ಅನ್ನೋದು ಆಮೇಲೆ ಸಾರ್. ಎಲ್ಲಿ ನಿಲ್ಲುತ್ತೆ ಹೇಳಿ. ಸ್ಯಾಂಕ್ಷನ್ ಪ್ಲಾನ್ ಇದೆಯಾ?"

ಇತ್ತು. ಮನೆಗೆ ಮಂಜೂರಾದ ನಕ್ಷೆ, ಗಾಡ್ರೇಜ್ ಬೀರುವಿನ ಲಾಕರಲ್ಲಿ, ಕ್ರಯಪತ್ರದ ಕೆಳಗೆ. ಮಡಿಕೆ ಮಡಿಕೆಯಲ್ಲೂ ಸವೆದ ನೀಲಿ ಹಾಳೆ, ಒಂದು ಮೂಲೆ ಜಿರಳೆ ತಿಂದಿದೆ. ಊಟದ ಟೇಬಲ್ ಮೇಲೆ ಹರಡಿ ನಾಲ್ಕು ಕಡೆ ಲೋಟ ಇಟ್ಟೆವು. ಮನೆಯ ಸುತ್ತ ಒಂದು ಚುಕ್ಕೆಗೆರೆ. ಹಿಂದಿನ ಕಾಂಪೌಂಡಿನಿಂದ ಆ ಗೆರೆಗೆ ಆರೂವರೆ ಅಡಿ. ಅದು ಸೆಟ್‌ಬ್ಯಾಕ್, ಖಾಲಿ ಬಿಡಬೇಕಾದ ಜಾಗ. ನಮ್ಮ ಶೆಡ್ಡಿನ ಮೂಲೆ ಪೂರ್ತಿ ಅದರೊಳಗೇ ಇದೆ.

ಆದರೆ ಅಪ್ಪ ಗೆರೆಯವರೆಗೂ ಕಟ್ಟಿಸಿಲ್ಲ. ಗೆರೆಗೂ ಹಿಂಬಾಗಿಲ ಗೋಡೆಗೂ ನಡುವೆ ಇನ್ನೂ ಎಂಟೂವರೆ ಅಡಿ ಇದೆ. ಟೇಪು ಹಿಡಿದು ಅಳೆದರೂ ಅಷ್ಟೇ ಬಂತು. ಅಲ್ಲಿಗೆ ನನ್ನ ಆರಡಿ ಅಗಲ ಆರಾಮಾಗಿ ಹಿಡಿಸುತ್ತೆ. ಅಂದರೆ ಶೆಡ್ಡು ಕಾಂಪೌಂಡು ಬಿಟ್ಟು ಅಡುಗೆಮನೆ ಗೋಡೆಗೆ ಒರಗಬೇಕು. ಆಗಲೂ ಪರ್ಮಿಷನ್ ತಪ್ಪಲ್ಲ. ಸೈಟಿನಲ್ಲಿ ಎಷ್ಟು ಭಾಗ ಕಟ್ಟಿದೆ ಅನ್ನೋ ಲೆಕ್ಕಕ್ಕೆ ಇದೂ ಸೇರುತ್ತೆ, ಪ್ಲಾನ್ ತಿದ್ದಿಸಿ ಹಾಕಬೇಕು. ಆದರೆ ಕೇಳಿದರೆ ಸಿಗುವ ಜಾಗ ಅದು. ಮೂಲೆಯದು ಕೇಳಿದರೂ ಸಿಗದ ಜಾಗ.

ಪಕ್ಕದ ಮನೆಯ ಅಂಕಲ್‌ಗೆ ಇದೆಲ್ಲ ಅತಿಯಾಯ್ತು. "ನಮ್ಮ ಬೀದೀಲಿ ಯಾರ ಮನೇಲಿ ಶೆಡ್ಡಿಲ್ಲ ಹೇಳಪ್ಪಾ? ಅಕ್ರಮ ಸಕ್ರಮ ಬಂದಾಗ ದುಡ್ಡು ಕಟ್ಟಿದ್ರಾಯ್ತು." ದಂಡ ಕಟ್ಟಿಸಿಕೊಂಡು ಅಕ್ರಮ ಕಟ್ಟಡವನ್ನು ಸಕ್ರಮ ಮಾಡುವ ಆ ಯೋಜನೆಗೆ ಸುಪ್ರೀಂ ಕೋರ್ಟು 2017ರಲ್ಲೇ ತಡೆ ಕೊಟ್ಟಿತ್ತು. ಅದನ್ನು ನಂಬಿಕೊಂಡು ಈಗ ಹೊಸದಾಗಿ ಕಟ್ಟೋದು ನನಗೆ ಸರಿ ಕಾಣಲ್ಲ. ಮುಂದೆ ಯಾರಾದರೂ ದೂರು ಕೊಟ್ಟರೆ ನೋಟಿಸು ಬರೋದು ನನ್ನ ಹೆಸರಿಗೆ, ಅಂಕಲ್ ಹೆಸರಿಗಲ್ಲ.

ಜಾಗ ಬದಲಾಗಿದ್ದರಿಂದ ಡಿಸೈನೂ ಬದಲಾಯಿತು. ಅಡುಗೆಮನೆ ಕಿಟಕಿ ಮುಚ್ಚಬಾರದು, ಹಾಗಾಗಿ ಮಾಡು ಕಿಟಕಿಯ ಸಜ್ಜೆಗಿಂತ ಮೇಲೆ ಹೋಗಬೇಕು, ಆ ಭಾಗಕ್ಕೆ ಗೋಡೆ ಬೇಡ, ಬರೀ ಜಾಲರಿ. ಇಳಿಜಾರು ಹಿತ್ತಲ ಕಡೆಗೆ. ನಮ್ಮದು 2,400 ಚದರಡಿ ಸೈಟು, ಮಳೆನೀರು ಕೊಯ್ಲು ಕಡ್ಡಾಯ ಇರುವ ಅಳತೆ. ಮಾಡಿನ ನೀರನ್ನು ದೋಣಿಯಲ್ಲಿ ಹಿಡಿದು ಈಗಿರುವ ಫಿಲ್ಟರ್ ಡ್ರಮ್ಮಿಗೇ ಬಿಡುತ್ತೇನೆ. ಮೂಲೆಯ ನುಗ್ಗೆಮರ ಬಚಾವಾಯ್ತು ಅಂತ ಅಮ್ಮನಿಗೆ ಖುಷಿ.

ಎಂಜಿನಿಯರ್ ಹೊಸ ಡ್ರಾಯಿಂಗ್ ಮಾಡುತ್ತಿದ್ದಾರೆ. ಅರ್ಜಿ ಆನ್‌ಲೈನಲ್ಲಿ ಹೋಗಬೇಕು. ಇ-ಖಾತಾದಲ್ಲಿ ಅಪ್ಪನ ಇನಿಷಿಯಲ್ ಬೇರೆ ಥರ ಬಿದ್ದಿದೆ, ಮೊದಲು ಅದನ್ನು ಸರಿ ಮಾಡಿಸಬೇಕಂತೆ. ವೆಲ್ಡರನಿಗೆ ಫೋನ್ ಮಾಡಿ ಕಂಬದ ಅಳತೆ ಬದಲಾಗಿದೆ, ಪೈಪು ಕತ್ತರಿಸಬೇಡ ಅಂತ ಹೇಳಿದ್ದೇನೆ.