ಸೀನೂ ಚಿಗರಿ

ನಿನ್ನೆ ರವಿವಾರ ಓಣಿ ಹುಡುಗರನ್ನ ಟಂಟಂದಾಗ ಹಾಕ್ಕೊಂಡು ಯಡಹಳ್ಳಿ ಕಡೆ ಹೋಗಿದ್ದೆ. ಬೀಳಗಿ, ಮುಧೋಳ ತಾಲೂಕಿನ ಆ ಕುರುಚಲು ಕಾಡು 2016ರಾಗ ಚಿಂಕಾರ ವನ್ಯಜೀವಿ ಧಾಮ ಆಗೇತಿ; ಚಿಂಕಾರ ಅಂದ್ರ ಒಂದು ಜಾತಿ ಚಿಗರಿ. ಒಳಗ ಕಾಲಿಡಲಿಲ್ಲ, ರಸ್ತೆ ಅಂಚಿನಾಗ ಅಷ್ಟ. ಹುಡುಗರದ್ದು ಒಂದs ಪ್ರಶ್ನೆ: “ಹುಲಿ ಐತೇನ್ರಿ ಕಾಕಾ?”

ಹುಲಿ ಎಲ್ಲಿಂದ ಬರಬೇಕು! ಚಿಂಕಾರಾನೂ ಕಾಣಲಿಲ್ಲ ಬಿಡ್ರಿ. ಸಿಕ್ಕಿದ್ದು ಗುಟ್ಕಾ ಚೀಟಿ, ನೀರಿನ ಬಾಟಲಿ. ಎರಡು ಗೊಬ್ಬರದ ಚೀಲ ತುಂಬಿದವು.

ಜಾಲಿ ನೆರಳಾಗ ಚುರುಮುರಿ ತಿನ್ನುವಾಗ ಹೇಳಿದೆ: ಈ ಚಿಗರಿ ಬಹಳ ದಿನ ನೀರು ಕುಡೀದs ಇರತೈತಿ, ಎಲಿಯೊಳಗಿನ ಪಸಿ, ಇಬ್ಬನಿ ಇದ್ರ ಸಾಕು. ಹೆದರಿದ್ರ ಮೂಗಿನಾಗ ಸೀನಿದಂಗ ಸಪ್ಪಳ ಮಾಡತೈತಿ. ಹುಲಿ ಮರತs ಹೋತು.

ನಾನೂ ಶಾಲ್ಯಾಗ ‘ಅರಣ್ಯ ಸಂರಕ್ಷಣೆ’ ಪ್ರಬಂಧ ಬರದು ಸ್ಟೀಲ್ ಡಬ್ಬಿ ಬಹುಮಾನ ತಗೊಂಡಾಂವ. ನಮ್ಮ ಜಿಲ್ಲಾದಾಗಿನ ಈ ಪ್ರಾಣಿ ಹೆಸರು ಗೊತ್ತಾಗಿದ್ದು ಮಾತ್ರ ನಲವತ್ತು ದಾಟಿದ ಮ್ಯಾಲೆ.

ವಾಪಸ್ ಬರೂತನಕ ಗಾಡ್ಯಾಗ ಸೀನೂದs ಸೀನೂದು. ಮನಿ ಮುಂದ ಇಳಿದ್ರೂ ನಿಲ್ಲಲಿಲ್ಲ. ಅವ್ವ ಹೊರಗ ಬಂದು, “ಎಲ್ಲಿಗೆ ಕರಕೊಂಡು ಹೋಗಿದ್ದಿಯೋ, ಎಲ್ಲಾ ಕೂಸುಗಳಿಗೂ ನೆಗಡಿ ಆಗೇತಿ” ಅಂತ ಬೈದು ಕಷಾಯಕ್ಕ ನೀರಿಟ್ಟಳು.