ಮಿಟಿಯೋರ್‌ಗೆ ಹಿಂದಿನ ಟೈರು: 150ರ ಆಸೆ ಬೇಡ

ಶನಿವಾರ, 7 ಜೂನ್ 2025

ಮಳೆ ಹಿಡಿದಿದೆ. ರಾಯಲ್ ಎನ್‌ಫೀಲ್ಡ್ ಮಿಟಿಯೋರ್ 350ರ ಹಿಂದಿನ ಟೈರು ಬದಲಾಯಿಸುವುದನ್ನು ಇನ್ನು ಮುಂದೂಡುವಂತಿಲ್ಲ. ಪಕ್ಕದ ಗೆರೆಗಳು ಇನ್ನೂ ಆಳವಾಗಿವೆ, ನಡುಭಾಗ ಮಾತ್ರ ಚಪ್ಪಟೆ. ಹೆದ್ದಾರಿಯಲ್ಲಿ ನೆಟ್ಟಗೆ ಓಡುವ ಕ್ರೂಸರ್ ಟೈರು ಸವೆಯುವುದೇ ಹೀಗೆ. ಟಿಡಬ್ಲ್ಯುಐ ಗುರುತು (ಸವೆತದ ಮಿತಿ ತೋರಿಸಲು ಗೆರೆಗಳ ತಳದಲ್ಲಿರುವ ಸಣ್ಣ ಉಬ್ಬು) ಸಮವಾಗುವವರೆಗೆ ಕಾಯುವವರಿದ್ದಾರೆ; ಆದರೆ ಅದಕ್ಕೂ ಮೊದಲೇ ತಿರುವಿನಲ್ಲಿ ತೊಂದರೆ ಶುರುವಾಗಿರುತ್ತದೆ. ಚಪ್ಪಟೆ ಭಾಗದ ಅಂಚು ದಾಟಿದ ಕೂಡಲೇ ಗಾಡಿ ತಟ್ಟನೆ ವಾಲುತ್ತದೆ. ಚಾರ್ಮಾಡಿ ಘಾಟಿಯಲ್ಲಿ, ಅದೂ ಮಳೆಯಲ್ಲಿ, ಇದು ಬೇಡವೇ ಬೇಡ.

ಕಂಪನಿಯ ಅಳತೆ ಮುಂದೆ 100/90-19, ಹಿಂದೆ 140/70-17. ಅಂಗಡಿಯಲ್ಲಿ "150 ಹಾಕ್ಸಿ ಸಾರ್, ಲುಕ್ ಬರತ್ತೆ" ಅನ್ನುತ್ತಾರೆ. 140 ಅಂದರೆ ಮಿ.ಮೀ.ನಲ್ಲಿ ಟೈರಿನ ಅಗಲ, 70 ಅಂದರೆ ಅಗಲದ ಶೇಕಡಾವಾರು ಎತ್ತರ, 17 ಅಂದರೆ ಇಂಚಿನಲ್ಲಿ ರಿಮ್ಮಿನ ವ್ಯಾಸ. ಲೆಕ್ಕ ಹಾಕಿ ನೋಡಿ: 140ರ ಶೇ. 70 ಅಂದರೆ 98 ಮಿ.ಮೀ. ಎತ್ತರ, ಒಟ್ಟು ವ್ಯಾಸ ಸುಮಾರು 628 ಮಿ.ಮೀ. 150/70 ಹಾಕಿದರೆ 642. ಪಿಕಪ್ ತುಸು ಕುಗ್ಗುತ್ತದೆ, ಅದು ದೊಡ್ಡ ವಿಷಯವಲ್ಲ. ರಿಮ್ಮು ಮಾತ್ರ ಅದೇ ಅಗಲದ್ದು! ಟೈರಿನ ಎರಡೂ ಪಕ್ಕ ಒಳಕ್ಕೆ ಎಳೆದುಕೊಂಡು ನಡುಭಾಗ ಉಬ್ಬುತ್ತದೆ, ನೆಲಕ್ಕೆ ತಾಗುವ ಆಕಾರವೇ ಕೆಡುತ್ತದೆ. ಚೈನಿನ ಕಡೆಯ ಸಂದೂ ಕಿರಿದಾಗುತ್ತದೆ.

ಅಳತೆಯ ಪಕ್ಕದ 66P ಕೂಡ ನೋಡಬೇಕು: 66 ಅಂದರೆ ಟೈರು ಹೊರಬಲ್ಲ ಗರಿಷ್ಠ ಭಾರ 300 ಕೆ.ಜಿ., P ಅಂದರೆ ತಾಳಬಲ್ಲ ಗರಿಷ್ಠ ವೇಗ ಗಂಟೆಗೆ 150 ಕಿ.ಮೀ. ಇದಕ್ಕಿಂತ ಕಡಿಮೆಯದು ಬೇಡ. ತಯಾರಿಕೆಯ ದಿನ ನಾಲ್ಕಂಕಿಯಲ್ಲಿರುತ್ತದೆ. 1425 ಅಂದರೆ 2025ರ 14ನೇ ವಾರ. ವರ್ಷಗಟ್ಟಲೆ ಗೋಡೌನಿನಲ್ಲಿದ್ದ ಟೈರಿನ ರಬ್ಬರು ಗಟ್ಟಿಯಾಗಿರುತ್ತದೆ, ರಿಯಾಯಿತಿ ಕೊಟ್ಟರೂ ಬಿಡಿ. ಮುಂದೆ ಬಯಾಸ್ (ಒಳಗಿನ ದಾರದ ಪದರಗಳು ಓರೆಯಾಗಿರುವ ಟೈರು) ಇಟ್ಟುಕೊಂಡು ಹಿಂದೆ ರೇಡಿಯಲ್ (ದಾರಗಳು ನೇರ ಅಡ್ಡಕ್ಕಿರುವ ಟೈರು) ಹಾಕುವ ಪ್ರಯೋಗವೂ ಬೇಡ.

ಹಾಕಿಸುವಾಗ ಪಕ್ಕದಲ್ಲೇ ನಿಲ್ಲಿ. ಚಕ್ರವನ್ನು ಡಿಸ್ಕ್ ಕೆಳಗಾಗಿ ನೆಲಕ್ಕೆ ಮಲಗಿಸಿದರೆ ಡಿಸ್ಕ್ ಬಾಗಬಹುದು, ಚಕ್ರದ ವೇಗ ಅಳೆಯಲು ಇರುವ ಎಬಿಎಸ್ ರಿಂಗಿಗೂ ಪೆಟ್ಟು. ಬಾಣದ ಗುರುತು ಚಕ್ರ ಮುಂದಕ್ಕೆ ಉರುಳುವ ದಿಕ್ಕಿಗಿರಲಿ. ಹಳದಿ ಚುಕ್ಕಿ ಇದ್ದರೆ ವಾಲ್ವಿನ ನೇರಕ್ಕೆ ಬರಲಿ. ರಬ್ಬರ್ ವಾಲ್ವನ್ನೂ ಇದೇ ಸಲ ಬದಲಾಯಿಸಿ. ಗಾಳಿ ತುಂಬಿದ ಮೇಲೆ ರಿಮ್ಮಿನ ಅಂಚಿಗೂ ಟೈರಿನ ಸಣ್ಣ ಗೆರೆಗೂ ನಡುವಿನ ಅಂತರ ಸುತ್ತಲೂ ಒಂದೇ ಇರಬೇಕು. ಇಲ್ಲದಿದ್ದರೆ ಬೀಡ್ (ರಿಮ್ಮಿಗೆ ಕಚ್ಚಿಕೊಳ್ಳುವ ಟೈರಿನ ಒಳ ಅಂಚು) ಸರಿಯಾಗಿ ಕೂತಿಲ್ಲ: ಗಾಳಿ ಬಿಟ್ಟು, ಸೋಪು ನೀರು ಹಚ್ಚಿ ಮತ್ತೆ ತುಂಬಿಸಿ. ಬ್ಯಾಲೆನ್ಸಿಂಗ್ ಮಾಡಿಸಿ, ಚೈನಿನ ಸಡಿಲ ನೋಡಿ, ಆಕ್ಸಲ್ ನಟ್ಟನ್ನು ಟಾರ್ಕ್ ರೆಂಚಿನಲ್ಲೇ ಬಿಗಿಸಿ. ಹೊರಡುವ ಮುಂಚೆ ಬ್ರೇಕ್ ಪೆಡಲು ಗಟ್ಟಿಯಾಗುವವರೆಗೆ ತುಳಿಯಬೇಕು.

ಹೊಸ ರಬ್ಬರು ಜಾರುತ್ತದೆ. ಮೊದಲ 150 ಕಿ.ಮೀ. ಜೋರು ಬ್ರೇಕು, ಜಾಸ್ತಿ ವಾಲಿಸುವುದು ಎರಡೂ ಬೇಡ.