ಮಾಂಸ ಫ್ರೀಜರ್ ಕಂಡು ಬಂದಿದೆಯೇ? ರಸ ಹಿಂಡಿ ನೋಡಿ

ಬಣ್ಣ, ವಾಸನೆ, ತಟ್ಟೆಗೆ ಇಳಿದ ನೀರು ನೋಡಿ, ತಾಜಾ ಎಂದು ಕೊಟ್ಟ ಮಾಂಸವನ್ನು ಮೊದಲೇ ಫ್ರೀಜ್ ಮಾಡಿ ಕರಗಿಸಿದ್ದೋ ಅಲ್ಲವೋ ಎಂದು ಹೇಳಿಬಿಡುವುದು ಸುಲಭ, ತಪ್ಪುವುದೂ ಅಷ್ಟೇ ಸುಲಭ. ಬೇಗ ಫ್ರೀಜ್ ಮಾಡಿ ನಿಧಾನವಾಗಿ ಕರಗಿಸಿದ ತುಂಡು ಪಳಗಿದ ಕಣ್ಣಿಗೂ ತಾಜಾ ಎಂದೇ ಕಾಣುತ್ತದೆ. ಲ್ಯಾಬ್‌ನಲ್ಲಿ ಹೆಚ್ಚು ನೆಚ್ಚಿಕೊಳ್ಳುವುದು ಎಚ್‌ಎಡಿಎಚ್ (ಬೀಟಾ-ಹೈಡ್ರಾಕ್ಸಿಅಸೈಲ್-ಕೋಎ ಡಿಹೈಡ್ರೋಜಿನೇಸ್) ಎಂಬ ಕಿಣ್ವದ ಪರೀಕ್ಷೆಯನ್ನು. ಇದು ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾದ ಒಳಗಿರುವ ಕಿಣ್ವ. ಐಸ್ ಹರಳುಗಳು ಪೊರೆಯನ್ನು ಹರಿದಾಗ ಮಾಂಸರಸಕ್ಕೆ ಸೋರುತ್ತದೆ.

ಕೊಬ್ಬು, ನಾರು ತೆಗೆದ ಮಾಂಸವನ್ನು ಎರಡು ಪಾಲು ಮಾಡಿ. ಒಂದರ ರಸವನ್ನು ಈಗಲೇ ಹಿಂಡಿ, ತಣ್ಣಗಿನ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ತಿಳಿಯನ್ನು ಬಫರ್‌ನಲ್ಲಿ (ಆಮ್ಲೀಯತೆ ಏರುಪೇರಾಗದಂತೆ ಕಾಯುವ ದ್ರಾವಣ) ತೆಳುಮಾಡಿ. ಇನ್ನೊಂದನ್ನು ಮೈನಸ್ 20 ಡಿಗ್ರಿಯಲ್ಲಿ ರಾತ್ರಿಯಿಡೀ ಇಟ್ಟು, 4 ಡಿಗ್ರಿಯಲ್ಲಿ ಕರಗಿಸಿ, ಅದರ ರಸಕ್ಕೂ ಹೀಗೆಯೇ ಮಾಡಿ. ಕ್ಯುವೆಟ್‌ ಎಂಬ ಪಾರದರ್ಶಕ ಪುಟ್ಟ ಪಾತ್ರೆಗೆ ಬಫರ್, ಎನ್‌ಎಡಿಎಚ್ (ಈ ಕಿಣ್ವ ಕೆಲಸ ಮಾಡುವಾಗ ಖರ್ಚಾಗುವ ವಸ್ತು), ರಸ ಹಾಕಿ, ಎನ್‌ಎಡಿಎಚ್ ಹೀರುವ 340 ನ್ಯಾನೋಮೀಟರ್ ಬೆಳಕು ಎಷ್ಟು ಹೀರಲ್ಪಟ್ಟಿತೆಂದು ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ ಓದಿ.

ಅವಸರದವರು ಎಡವುವುದು ಇಲ್ಲೇ. ಮಾಂಸರಸದಲ್ಲಿ ಪೈರುವೇಟ್ ಇರುತ್ತದೆ, ಅದರ ಮೇಲೆ ಕೆಲಸ ಮಾಡುವ ಲ್ಯಾಕ್ಟೇಟ್ ಡಿಹೈಡ್ರೋಜಿನೇಸ್ ಎಂಬ ಇನ್ನೊಂದು ಕಿಣ್ವ ಅಂತೂ ಧಾರಾಳ. ಅವೆರಡೇ ಸೇರಿ ಎನ್‌ಎಡಿಎಚ್ ತಿಂದು ಓದನ್ನು ಇಳಿಸುತ್ತವೆ. ಓದಿನ ಗೆರೆ ಸಮತಟ್ಟಾಗುವವರೆಗೆ ಕಾಯಿರಿ, ಆಮೇಲಷ್ಟೇ ಎಚ್‌ಎಡಿಎಚ್ ಕೆಲಸ ಮಾಡಲು ಬೇಕಾದ ಅಸಿಟೋಅಸಿಟೈಲ್-ಕೋಎ ಹಾಕಿ. ಅಲ್ಲಿಂದ ನಿಮಿಷಕ್ಕೆ ಎಷ್ಟು ಇಳಿಯಿತು ಎಂಬುದೇ ನಮಗೆ ಬೇಕಾದ ಸಂಖ್ಯೆ. ಇಳಿತ ತೀರಾ ಕಡಿದಾಗಿದ್ದರೆ ರಸವನ್ನು ಇನ್ನಷ್ಟು ತೆಳುಮಾಡಿ.

ಮೊದಲ ರಸದಲ್ಲಿ ನಿಮಿಷಕ್ಕೆ 0.02, ಫ್ರೀಜ್ ಮಾಡಿದ ಪಾಲಿನಲ್ಲಿ 0.10 ಬಂತು ಎನ್ನಿ. ತೆಳುಮಾಡಿದ ಪ್ರಮಾಣ ಒಂದೇ ಆಗಿದ್ದರೆ ಅನುಪಾತ 0.2. ಅಂದರೆ ಕಿಣ್ವದ ಬಹುಪಾಲು ಇನ್ನೂ ಒಳಗೇ ಇತ್ತು, ಮಾಂಸ ತಾಜಾ. ಅನುಪಾತ 1ರ ಹತ್ತಿರ ಬಂದರೆ ಸೋರಬೇಕಾದದ್ದು ಮೊದಲೇ ಸೋರಿದೆ. ಪ್ರಾಣಿ, ಸ್ನಾಯು ಬದಲಾದಂತೆ ಕಿಣ್ವದ ಮಟ್ಟವೂ ಬದಲಾಗುತ್ತದೆ. ಅದಕ್ಕೇ ಒಂಟಿ ಅಂಕಿಯನ್ನು ನಂಬಬಾರದು, ತುಂಡನ್ನು ಅದರದೇ ಇನ್ನೊಂದು ಪಾಲಿನ ಜೊತೆ ಹೋಲಿಸಬೇಕು.

ಕೈಮಾ ಮಾತ್ರ ತಲೆನೋವು: ಅರೆಯುವಾಗಲೇ ಪೊರೆಗಳು ಹರಿಯುತ್ತವೆ, ತಾಜಾ ಮಾಂಸವೂ ಫ್ರೀಜ್ ಆದಂತೆ ತೋರಬಹುದು. ಹಳಸಿದ ಮಾಂಸಕ್ಕೂ ಇದೇ ಗತಿ. ಇನ್ನೊಂದು ಕಡೆ, ಮೈನಸ್ 5ರ ಆಸುಪಾಸಿನಲ್ಲಿ ಅರೆಬರೆ ಗಟ್ಟಿಯಾದ ತುಂಡು ಸಿಕ್ಕಿಬೀಳದೆ ಹೋಗಬಹುದು.

ಅನುಮಾನ ಉಳಿದರೆ ಸೂಕ್ಷ್ಮದರ್ಶಕ. ಐಸ್ ಹರಳು ಕೂತಿದ್ದ ಜಾಗದಲ್ಲಿ ನಾರುಗಳ ನಡುವೆ ಖಾಲಿ ಬಿಲಗಳು ಕಾಣುತ್ತವೆ, ನಿಧಾನವಾಗಿ ಫ್ರೀಜ್ ಮಾಡಿದ್ದರೆ ಬಿಲಗಳು ದೊಡ್ಡವು. ಆದರೆ ಪದರ ಕೊಯ್ಯಲು ಕ್ರಯೋಸ್ಟಾಟ್ (ತುಂಡನ್ನು ಹೆಪ್ಪುಗಟ್ಟಿಸಿ ಕೊಯ್ಯುವ ಯಂತ್ರ) ಹಿಡಿಯಬೇಡಿ, ಹರಳನ್ನು ನೀವೇ ಹುಟ್ಟಿಸಿ ನೀವೇ ಕಂಡುಹಿಡಿದಂತಾದೀತು. ಫಾರ್ಮಲಿನ್‌ನಲ್ಲಿ ಇಟ್ಟು, ಪ್ಯಾರಾಫಿನ್‌ನಲ್ಲಿ ಕೂರಿಸಿ ಕೊಯ್ಯಿರಿ.